ಲಿಫ್ಟಿನ ಸದ್ದು ಬಲ್ಲವರು

ಪುಣೆಯ ಎರಂಡವಣೆ, ಡೆಕ್ಕನ್ ಜಿಮ್‌ಖಾನಾ, ಕೊಥ್ರೂಡ್ ಕಡೆಯ ಹಳೆಯ ಹೌಸಿಂಗ್ ಸೊಸೈಟಿಗಳ ತಾರಸಿ ಹತ್ತಿದರೆ ನೀರಿನ ಟ್ಯಾಂಕಿನ ಆಸುಪಾಸಿನಲ್ಲಿ ಬೀಗ ಜಡಿದ ಸಣ್ಣ ಕೋಣೆಯೊಂದು ಕಾಣುತ್ತದೆ. ಬಾಗಿಲ ಮೇಲೆ ಮರಾಠಿಯಲ್ಲಿ ಬರೆದ ಅಪಾಯದ ಫಲಕ, ಒಳಗೆ ಗ್ರೀಸಿನ ವಾಸನೆ, ಮೂಲೆಯಲ್ಲಿ ಪಾರಿವಾಳದ ಗೂಡು. ಲಿಫ್ಟ್ ಕೆಲಸದವರು ಇದನ್ನು ಮಷೀನ್ ರೂಮ್ ಎನ್ನುತ್ತಾರೆ. ಅಲ್ಲಿ ಹಗ್ಗಗಳನ್ನು ಎಳೆಯುವ ಮಷೀನು ಒಂದು ಕಡೆ. ಇನ್ನೊಂದು ಕಡೆ ಗೋಡೆಗೆ ನಿಲ್ಲಿಸಿದ ಕಬ್ಬಿಣದ ಕಪಾಟು. ಅದೇ ಕಂಟ್ರೋಲ್ ಪ್ಯಾನೆಲ್. ಕಪಾಟು ಹಳೆಯ ಕಾಲದ್ದಾದರೆ ಅದರಲ್ಲಿ ಸಾಲುಸಾಲಾಗಿ ರಿಲೇಗಳು, ಕೆಳಗೆ ದಪ್ಪದಪ್ಪ ಕಾಂಟ್ಯಾಕ್ಟರ್‌ಗಳು. ಕಂಪ್ಯೂಟರ್ ಇಲ್ಲ, ಅಕ್ಷರ ತೋರಿಸುವ ಪರದೆ ಇಲ್ಲ, ಕೆಟ್ಟಿರುವುದು ಇಂಥದ್ದು ಎಂದು ಹೇಳುವ ಎರರ್ ಕೋಡೂ ಇಲ್ಲ. ತನಗೇನಾಗಿದೆ ಎಂದು ಆ ಪ್ಯಾನೆಲ್ ಹೇಳುವುದು ಸದ್ದಿನಲ್ಲಿ ಮಾತ್ರ.

ಆ ಸದ್ದನ್ನು ಕೇಳಿ ದೋಷ ಹಿಡಿಯುವ ಮೆಕ್ಯಾನಿಕ್‌ಗಳ ಒಂದು ತಲೆಮಾರು ಈಗ ನಿವೃತ್ತಿಯ ಅಂಚಿನಲ್ಲಿದೆ. ಅವರ ವಿದ್ಯೆಯನ್ನು ಅದೃಷ್ಟವೆಂದೋ ಕೈಗುಣವೆಂದೋ ಕರೆದು ಸುಮ್ಮನಾಗುವುದು ಅವರಿಗೆ ಮಾಡುವ ಅನ್ಯಾಯ. ಅದರ ಹಿಂದೆ ಭೌತಶಾಸ್ತ್ರವಿದೆ, ತರ್ಕವಿದೆ, ಕಲಿಸಬಹುದಾದ ಕ್ರಮವಿದೆ.

ಮೊದಲು ರಿಲೇ ಎಂದರೇನು ಎಂಬುದನ್ನು ನೋಡೋಣ. ತಂತಿಯ ಸುರುಳಿಗೆ ಕರೆಂಟು ಹರಿದಾಗ ಅದು ಅಯಸ್ಕಾಂತವಾಗುತ್ತದೆ, ಎದುರಿಗಿರುವ ಕಬ್ಬಿಣದ ನಾಲಿಗೆಯನ್ನು ಎಳೆದುಕೊಳ್ಳುತ್ತದೆ. ನಾಲಿಗೆಯ ಜೊತೆಗೆ ಸರಿದ ಬೆಳ್ಳಿಯ ಬಿಂದುಗಳು ಒಂದನ್ನೊಂದು ಮುಟ್ಟಿ ಇನ್ನೊಂದು ಸರ್ಕ್ಯೂಟಿಗೆ ದಾರಿ ಕೊಡುತ್ತವೆ. ಕರೆಂಟು ನಿಂತರೆ ಸ್ಪ್ರಿಂಗು ನಾಲಿಗೆಯನ್ನು ಹಿಂದಕ್ಕೆಳೆಯುತ್ತದೆ. ಎಳೆದಾಗ ಒಂದು ಟಕ್, ಬಿಟ್ಟಾಗ ಇನ್ನೊಂದು ಟಕ್. ಕಾಂಟ್ಯಾಕ್ಟರ್ ಎಂದರೆ ಇದೇ ವಸ್ತುವಿನ ದೊಡ್ಡ ರೂಪ. ಮೋಟಾರಿನ ಭಾರೀ ಕರೆಂಟನ್ನು ಹೊರುವುದು ಅದರ ಕೆಲಸ, ಹಾಗಾಗಿ ಅದರ ಸದ್ದೂ ದಪ್ಪ.

ಲಿಫ್ಟ್ ಸರಿಯಾಗಿರುವಾಗ ಈ ಸದ್ದುಗಳಿಗೊಂದು ನಿಶ್ಚಿತ ಅನುಕ್ರಮವಿರುತ್ತದೆ. ಕೆಳಗೆ ಯಾರೋ ಗುಂಡಿ ಒತ್ತುತ್ತಾರೆ, ಮೇಲೆ ತೆಳ್ಳನೆಯ ಒಂದು ಟಿಕ್. ಕರೆ ದಾಖಲಾಯಿತು. ಜಾಲರಿ ಗೇಟು ಎಳೆದದ್ದಕ್ಕೆ ಇನ್ನೊಂದು. ಮೇಲಕ್ಕೋ ಕೆಳಕ್ಕೋ ಎಂಬ ನಿರ್ಧಾರಕ್ಕೆ ಮತ್ತೊಂದು. ಅಷ್ಟರಲ್ಲಿ ಲಿಫ್ಟಿನ ಕ್ಯಾಬಿನ್ನಿಗೆ ಜೋಡಿಸಿದ ರಿಟೈರಿಂಗ್ ಕ್ಯಾಮ್ ಹಿಂದೆ ಸರಿದು, ಮಹಡಿಯ ಬಾಗಿಲ ಲಾಕು ಬಿದ್ದ ಸದ್ದು ಬಾವಿಯಂಥ ಶಾಫ್ಟಿನಿಂದ ಮೇಲೇರಿ ಬರುತ್ತದೆ. ಲಾಕು ಬಿದ್ದಮೇಲಷ್ಟೇ ಕಾಂಟ್ಯಾಕ್ಟರ್ ಧಡ್ ಎಂದು ಎಳೆಯುತ್ತದೆ, ಬ್ರೇಕು ತೆರೆಯುತ್ತದೆ, ಮೋಟಾರು ಗುಂಯ್ ಎಂದು ಹೊರಡುತ್ತದೆ. ಎರಡು ವೇಗದ ಮೋಟಾರಾದರೆ ಮಹಡಿ ಹತ್ತಿರವಾಗುತ್ತಿದ್ದಂತೆ ಬೆನ್ನುಬೆನ್ನಿಗೆ ಎರಡು ಹೊಡೆತ: ವೇಗದ ಕಾಂಟ್ಯಾಕ್ಟರ್ ಬಿಟ್ಟಿತು, ನಿಧಾನದ್ದು ಹಿಡಿಯಿತು. ಮೋಟಾರಿನ ದನಿ ಇಳಿಯುತ್ತದೆ. ಕೊನೆಗೆ ಬ್ರೇಕು ಧಪ್ ಎಂದು ಕೂರುತ್ತದೆ.

ಅನುಭವಿ ಮೆಕ್ಯಾನಿಕ್ ಮಷೀನ್ ರೂಮಿಗೆ ಬಂದವನೇ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವುದಿಲ್ಲ. ಜೊತೆಗಿರುವ ಹುಡುಗನನ್ನು ಕ್ಯಾಬಿನ್ನಿಗೆ ಕಳಿಸಿ, ನಾಲ್ಕಾರು ಸಲ ಮೇಲೆ ಕೆಳಗೆ ಓಡಿಸು ಎನ್ನುತ್ತಾನೆ. ತಾನು ಸುಮ್ಮನೆ ನಿಂತು ಅನುಕ್ರಮ ಎಲ್ಲಿ ತುಂಡಾಗುತ್ತದೆ ಎಂದು ಕೇಳುತ್ತಾನೆ. ಕರೆಯ ಟಿಕ್ ಬಂತು, ಗೇಟಿನದು ಬಂತು, ದಿಕ್ಕಿನದು ಬಂತು, ಆದರೆ ಲಾಕಿನ ಸದ್ದಾದ ಮೇಲೆ ಕಾಂಟ್ಯಾಕ್ಟರ್ ಎಳೆಯಲಿಲ್ಲ. ಅಂದಮೇಲೆ ದೋಷ ಇರುವುದು ಲಾಕಿಗೂ ಕಾಂಟ್ಯಾಕ್ಟರ್‌ಗೂ ನಡುವಿನ ಕೆಲವೇ ತಂತಿಗಳಲ್ಲಿ. ಡಜನ್‌ಗಟ್ಟಲೆ ರಿಲೇಗಳ ಕಪಾಟಿನಲ್ಲಿ ಹುಡುಕಬೇಕಾದ ಜಾಗ ಅಂಗೈಯಷ್ಟಾಯಿತು. ಮೀಟರ್ ಹಚ್ಚುವುದು ಈಗ. ಯಾವ ಎರಡು ಸ್ಕ್ರೂಗಳಿಗೆ ಮೀಟರ್ ಹಚ್ಚಬೇಕು ಎಂಬುದನ್ನು ಕಿವಿ ಆಗಲೇ ಹೇಳಿರುತ್ತದೆ.

ಕೇಳಿಸದೇ ಹೋದ ಸದ್ದು ಎಷ್ಟೋ ಸಲ ಕೇಳಿಸಿದ ಸದ್ದಿಗಿಂತ ಮುಖ್ಯ. ಮೋಟಾರು ಗುಂಯ್‌ಗುಡುತ್ತಿದೆ, ಬ್ರೇಕು ತೆರೆದ ಸದ್ದಿಲ್ಲ ಎಂದರೆ ಬ್ರೇಕಿನ ಕಾಯಿಲ್ ಹೋಗಿದೆ ಅಥವಾ ಅದಕ್ಕೆ ಕರೆಂಟು ತಲುಪುತ್ತಿಲ್ಲ. ಲಿಫ್ಟಿನ ಬ್ರೇಕನ್ನು ಒತ್ತಿ ಹಿಡಿಯುವುದು ಸ್ಪ್ರಿಂಗು, ಬಿಡಿಸುವುದು ವಿದ್ಯುತ್ತು. ಕರೆಂಟು ಹೋದರೂ ಕ್ಯಾಬಿನ್ ಜಾರದೆ ನಿಲ್ಲುವುದು ಈ ಏರ್ಪಾಡಿನಿಂದಲೇ. ಬ್ರೇಕು ತೆರೆದ ಸದ್ದೂ ಬಂತು, ಮೋಟಾರು ಮಾತ್ರ ತಿರುಗದೆ ಭಾರವಾಗಿ ನರಳುತ್ತಿದೆ ಎಂದರೆ ಮೂರು ಫೇಸುಗಳಲ್ಲಿ ಒಂದು ಇಲ್ಲ. ಫ್ಯೂಸ್ ಹೋಗಿರಬಹುದು, ಕಾಂಟ್ಯಾಕ್ಟರ್‌ನ ಒಂದು ಬಿಂದು ಸುಟ್ಟಿರಬಹುದು. ಆ ನರಳಿಕೆಯನ್ನು ಗುರುತಿಸಿ ಕೂಡಲೇ ಸ್ವಿಚ್ ಆರಿಸದಿದ್ದರೆ, ಓವರ್‌ಲೋಡ್ ರಿಲೇ ಕೂಡ ಕೈಕೊಟ್ಟಿದ್ದರೆ, ಮೋಟಾರಿನ ವೈಂಡಿಂಗ್ ಸುಟ್ಟುಹೋಗುತ್ತದೆ.

ಇದರಲ್ಲೊಂದು ಸೂಕ್ಷ್ಮವಿದೆ. ತುಂಬಿದ ಲಿಫ್ಟ್ ಮೇಲೇರುವಾಗ ಮೋಟಾರಿಗೆ ಶ್ರಮ ಹೆಚ್ಚು ಎಂಬುದು ಯಾರಿಗಾದರೂ ಹೊಳೆಯುತ್ತದೆ. ಆದರೆ ಖಾಲಿ ಲಿಫ್ಟ್ ಕೆಳಗಿಳಿಯುವಾಗಲೂ ಮೋಟಾರು ಅಷ್ಟೇ ಹೆಣಗುತ್ತದೆ. ಹಗ್ಗದ ಇನ್ನೊಂದು ತುದಿಯಲ್ಲಿ ತೂಗುವ ಕೌಂಟರ್‌ವೇಟ್, ಕ್ಯಾಬಿನ್ನಿನ ತೂಕದ ಜೊತೆಗೆ ಅದು ಹೊರಬಲ್ಲ ಭಾರದ ಹೆಚ್ಚುಕಡಿಮೆ ಅರ್ಧದಷ್ಟನ್ನೂ ಸೇರಿಸಿ ಮಾಡಿದ್ದು. ಖಾಲಿ ಕ್ಯಾಬಿನ್ ಅದಕ್ಕಿಂತ ಹಗುರ. ಅದನ್ನು ಕೆಳಗಿಳಿಸುವುದೆಂದರೆ ಭಾರದ ತುದಿಯನ್ನು ಮೇಲೆತ್ತುವುದು. "ಯಾರೂ ಇಲ್ಲದಾಗ ಕೆಳಗಿಳಿಯೋಕೆ ತಿಣುಕುತ್ತೆ" ಎಂದು ಯಾರಾದರೂ ದೂರು ಕೊಟ್ಟರೆ ನಕ್ಕು ತಳ್ಳಿಹಾಕುವಂತಿಲ್ಲ. ಅದು ಪಕ್ಕಾ ಸುಳಿವು.

ಇನ್ನು ಗುಂಯ್‌ಗುಡುವ ಕಾಂಟ್ಯಾಕ್ಟರ್. ಹಳೆಯ ಪ್ಯಾನೆಲ್‌ಗಳ ಬಗ್ಗೆ ಬರುವ ದೂರುಗಳಲ್ಲಿ ಇದು ತೀರಾ ಸಾಮಾನ್ಯ. ಮೇಲಿನ ಮಹಡಿಯಲ್ಲಿ ಮಲಗುವವರ ನಿದ್ದೆ ಕೆಡಿಸುವುದೂ ಇದೇ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಪ್ರತಿ ಆವರ್ತದಲ್ಲಿ ಅದು ಎರಡು ಸಲ ಸೊನ್ನೆಗೆ ಇಳಿಯುತ್ತದೆ. ಹಾಗಾಗಿ ಕಾಂಟ್ಯಾಕ್ಟರ್‌ನ ಅಯಸ್ಕಾಂತ ಸೆಕೆಂಡಿಗೆ 100 ಸಲ ಹಿಡಿತ ಸಡಿಲಿಸುತ್ತದೆ. ಇದನ್ನು ತಡೆಯಲು ಅಯಸ್ಕಾಂತದ ಮುಖದಲ್ಲಿ ಒಂದು ಪುಟ್ಟ ತಾಮ್ರದ ಉಂಗುರ ಕೂರಿಸಿರುತ್ತಾರೆ. ಆ ಉಂಗುರ ತನ್ನ ಪಾಲಿನ ಕಾಂತಶಕ್ತಿಯನ್ನು ಕೊಂಚ ತಡವಾಗಿಸುತ್ತದೆ, ಆದ್ದರಿಂದ ಒಟ್ಟು ಎಳೆತ ಎಂದೂ ಪೂರ್ತಿ ಸೊನ್ನೆಯಾಗುವುದಿಲ್ಲ. ವರ್ಷಗಟ್ಟಲೆ ಹೊಡೆತ ತಿಂದು ಉಂಗುರ ಬಿರುಕುಬಿಟ್ಟರೆ ನಾಲಿಗೆ ಸೆಕೆಂಡಿಗೆ 100 ಸಲ ಅದುರಲು ಶುರುಮಾಡುತ್ತದೆ. ನಮಗೆ ಕೇಳಿಸುವ ಗುಂಯ್ ಅದೇ.

ಆದರೆ ಗುಂಯ್‌ಗುಡುವ ಕಾಂಟ್ಯಾಕ್ಟರ್‌ಗಳ ಉಂಗುರವೆಲ್ಲ ಒಡೆದಿರಬೇಕೆಂದಿಲ್ಲ. ಬಲ್ಲವರು ಬೇರ್ಪಡಿಸುವುದು ಹೀಗೆ. ಪ್ಯಾನೆಲಿನ ಕಾಂಟ್ಯಾಕ್ಟರ್‌ಗಳೆಲ್ಲ ಒಟ್ಟಿಗೆ ಗುಂಯ್‌ಗುಡುತ್ತಿದ್ದರೆ, ಅದೂ ಸಂಜೆ ಎಲ್ಲರ ಮನೆಯ ದೀಪ, ಗೀಸರ್, ಪಂಪು ನಡೆಯುವ ಹೊತ್ತಿನಲ್ಲಿ ಜೋರಾದರೆ, ವೋಲ್ಟೇಜ್ ಕಡಿಮೆ. ಒಂದೇ ಕಾಂಟ್ಯಾಕ್ಟರ್ ಹೊತ್ತುಗೊತ್ತಿಲ್ಲದೆ ಒಂದೇ ಸಮ ಗುಂಯ್‌ಗುಟ್ಟಿದರೆ, ಮೇನ್ ಸ್ವಿಚ್ ಆರಿಸಿ ಬಿಚ್ಚಿ ನೋಡಬೇಕು. ಮುಖದಲ್ಲಿ ಧೂಳು ಕೂತಿರಬಹುದು. ಒರೆಸಿದ ಮೇಲೂ ಸದ್ದು ಹೋಗದಿದ್ದರೆ ಉಂಗುರ. ಇದನ್ನು ಬರೀ ಸದ್ದಿನ ಕಿರಿಕಿರಿ ಎಂದು ಬಿಟ್ಟುಬಿಡುವುದು ತಪ್ಪು. ನಾಲಿಗೆ ಪೂರ್ತಿ ಕೂರದಿದ್ದರೆ ಆ ಕಾಯಿಲ್ ಅಗತ್ಯಕ್ಕಿಂತ ಹೆಚ್ಚು ಕರೆಂಟು ಎಳೆಯುತ್ತದೆ, ಕಾದು ಕಾದು ಒಂದು ದಿನ ಸುಟ್ಟುಹೋಗುತ್ತದೆ.

ಡಿಸಿ ರಿಲೇಗಳ ವಿಷಯ ಇನ್ನೂ ಚೆನ್ನಾಗಿದೆ. ಎಷ್ಟೋ ಹಳೆಯ ಪ್ಯಾನೆಲ್‌ಗಳಲ್ಲಿ ಮನೆಯ ಎಸಿ ವಿದ್ಯುತ್ತನ್ನು ರೆಕ್ಟಿಫೈಯರ್ ಮೂಲಕ ಡಿಸಿಗೆ ತಿರುಗಿಸಿ ರಿಲೇಗಳಿಗೆ ಕೊಡುತ್ತಾರೆ. ಡಿಸಿ ರಿಲೇ ಮೌನವಾಗಿರಬೇಕು. ಅದು ಗುಂಯ್‌ಗುಟ್ಟಿದರೆ ದೋಷ ರಿಲೇಯದ್ದಲ್ಲ, ಅದಕ್ಕೆ ಕರೆಂಟು ಕೊಡುವ ರೆಕ್ಟಿಫೈಯರಿನದು. ನಾಲ್ಕು ಡಯೋಡುಗಳಲ್ಲಿ ಒಂದು ತೆರೆದುಕೊಂಡರೆ ಅರ್ಧ ಅಲೆ ಕಾಣೆಯಾಗಿ, ಮಿಡಿತ ಸೆಕೆಂಡಿಗೆ 100ರ ಬದಲು 50 ಆಗುತ್ತದೆ. ಸಂಗೀತ ಬಲ್ಲವರಿಗೆ ಇದರ ಅರ್ಥ ಕೂಡಲೇ ತಿಳಿಯುತ್ತದೆ: ಸ್ವರ ಸರಿಯಾಗಿ ಒಂದು ಸಪ್ತಕ ಕೆಳಗಿಳಿಯಿತು. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಗದಗಿನ ಭೀಮಸೇನ ಜೋಶಿಯವರು 1953ರಿಂದ ಸಂಗೀತೋತ್ಸವ ನಡೆಸಿಕೊಂಡು ಬಂದ ಊರು ಪುಣೆ. ಮಧ್ಯ ಸಪ್ತಕಕ್ಕೂ ಮಂದ್ರಕ್ಕೂ ಭೇದ ಹೇಳಬಲ್ಲ ಕಿವಿಗಳಿಗೆ ಇಲ್ಲಿ ಬರವಿಲ್ಲ. ಅಷ್ಟು ಬಲ್ಲ ಕಿವಿ ಸಾಕು, ಕಾಂಟ್ಯಾಕ್ಟರ್‌ನ ಗುಂಯ್ ಯಾವುದು, ಸತ್ತ ಡಯೋಡಿನ ಗುಂಯ್ ಯಾವುದು ಎಂದು ಹೇಳಲು.

ತಡವಾಗಿ ಬರುವ ಸದ್ದು ಇನ್ನೊಂದು ಬಗೆ. ಡಿಸಿ ರಿಲೇಯ ನಾಲಿಗೆ ಅಯಸ್ಕಾಂತಕ್ಕೆ ಪೂರ್ತಿ ಅಂಟದಂತೆ ನಡುವೆ ಹಿತ್ತಾಳೆಯಂಥ ಲೋಹದ ಒಂದು ಚಿಕ್ಕ ಮೊಳೆ ಇರುತ್ತದೆ. ಅದು ಸವೆದರೆ ಕರೆಂಟು ನಿಂತ ಮೇಲೂ ಉಳಿದ ಕಾಂತಶಕ್ತಿ ನಾಲಿಗೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿಡುವ ಟಕ್ ಬರಬೇಕಾದಾಗ ಬರದೆ ಒಂದು ಗಳಿಗೆ ಬಿಟ್ಟು ಬರುತ್ತದೆ. ಕಾಂಟ್ಯಾಕ್ಟರ್‌ನ ಮುಖದಲ್ಲಿ ಹಳೆಯ ಗ್ರೀಸು ಅಂಟಂಟಾಗಿದ್ದರೂ ಹೀಗೇ. ಲಿಫ್ಟ್ ಮಹಡಿಗೆ ಸರಿಯಾಗಿ ನಿಲ್ಲದೆ ಒಂದೆರಡು ಇಂಚು ಮೇಲೋ ಕೆಳಗೋ ನಿಲ್ಲುವುದಕ್ಕೆ ಇದೂ ಒಂದು ಕಾರಣ. ವಯಸ್ಸಾದವರು ಎಡವುವುದು ಅಲ್ಲೇ. ಬ್ರೇಕು ಕೂರುವ ಧಪ್ ಒಂದರ ಬದಲು ಎರಡಾಗಿ ಕೇಳಿಸಿದರೆ ಎರಡು ಬದಿಯ ಶೂಗಳು ಒಟ್ಟಿಗೆ ಕೂರುತ್ತಿಲ್ಲ. ಅದೇ ಧಪ್ ತಿಂಗಳಿಂದ ತಿಂಗಳಿಗೆ ಜೋರಾಗುತ್ತಾ ಹೋದರೆ ಲೈನಿಂಗ್ ಸವೆದು ಅಂತರ ಹೆಚ್ಚಾಗಿದೆ. ದಿಕ್ಕು ಬದಲಿಸಿ ಹೊರಡುವಾಗಲೆಲ್ಲ ಮಷೀನಿನೊಳಗೆ ಟೊಕ್ ಎಂದರೆ ಗೇರಿನ ಥ್ರಸ್ಟ್ ಬೇರಿಂಗ್ ಸಡಿಲವಾಗಿದೆ.

ಎಲ್ಲಕ್ಕಿಂತ ತಲೆ ತಿನ್ನುವುದು ಆಗೊಮ್ಮೆ ಈಗೊಮ್ಮೆ ಬಂದುಹೋಗುವ ದೋಷ. ಮೆಕ್ಯಾನಿಕ್ ಬಂದಾಗ ಲಿಫ್ಟ್ ಸರಿಯಾಗಿರುತ್ತದೆ, ಹೋದ ಮೇಲೆ ನಿಲ್ಲುತ್ತದೆ. ಇಲ್ಲಿ ಮೊದಲು ಕೇಳಿಸಿಕೊಳ್ಳುವವರು ಮೆಕ್ಯಾನಿಕ್‌ಗಳಲ್ಲ, ವಾಚ್‌ಮನ್‌ಗಳು. ಪುಣೆಯ ಸೊಸೈಟಿಗಳಲ್ಲಿ ಕಾವಲಿಗಿರುವವರಲ್ಲಿ ಕಲಬುರಗಿ, ವಿಜಯಪುರ ಕಡೆಯಿಂದ ದುಡಿಮೆಗೆ ಬಂದವರೂ ಇದ್ದಾರೆ. ರಾತ್ರಿಯಿಡೀ ಲಿಫ್ಟಿನ ಬುಡದಲ್ಲೇ ಕೂರುವವರು ಅವರು. "ಮೂರನೇ ಮಾಳಿಗಿ ದಾಟೂ ಮುಂದ ಕಟಕಟ ಅಂತೈತ್ರಿ, ಮಳಿ ಬಂದ್ರ ಭಾಳ ಮಾಡ್ತೈತಿ" ಎಂಬಂಥ ಮಾತು ಮೆಕ್ಯಾನಿಕ್‌ಗೆ ಅರ್ಧ ದಿನದ ಕೆಲಸ ಉಳಿಸುತ್ತದೆ. ಲಿಫ್ಟಿನ ಎಲ್ಲ ಬಾಗಿಲ ಲಾಕುಗಳೂ ಒಂದೇ ಸರಪಳಿಯಲ್ಲಿ ಸೇರಿರುತ್ತವೆ. ಒಂದು ಬಿಂದು ಅಲುಗಿದರೂ ಇಡೀ ಸರಪಳಿ ಕಡಿದು ಕಾಂಟ್ಯಾಕ್ಟರ್ ಬಿಟ್ಟುಬಿಡುತ್ತದೆ. ಕ್ಯಾಬಿನ್ ದಾಟುವ ಅದುರಾಟಕ್ಕೆ ಮೂರನೇ ಮಹಡಿಯ ಲಾಕಿನ ಬಿಂದು ಕ್ಷಣಮಾತ್ರ ಬಿಡುತ್ತಿದೆ, ಮಳೆಯ ತೇವಕ್ಕೆ ಅದು ಇನ್ನಷ್ಟು ಹದಗೆಡುತ್ತದೆ. ನಿಂತ ಲಿಫ್ಟಿನಲ್ಲಿ ಮೀಟರ್ ಹಚ್ಚಿದರೆ ಆ ಲಾಕು ಸರಿಯಾಗಿಯೇ ತೋರುತ್ತದೆ. ಓಡುವಾಗಷ್ಟೇ ಹುಟ್ಟುವ ದೋಷವನ್ನು ಓಡುವಾಗ ಕೇಳಿಯೇ ಹಿಡಿಯಬೇಕು.

ಸುಲಭದ ಮದ್ದೆಂದು ಕೆಲವರು ಆ ಬಿಂದುಗಳನ್ನು ಎಮರಿ ಪೇಪರಿನಿಂದ ಉಜ್ಜುತ್ತಾರೆ. ಉಜ್ಜಿದ ಪುಡಿ ಬಿಂದುವಿನಲ್ಲೇ ಹುದುಗುತ್ತದೆ, ಬೆಳ್ಳಿಯೂ ಸವೆಯುತ್ತದೆ. ಬೆಳ್ಳಿ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದಲ್ಲ, ಅದು ಕರೆಂಟನ್ನು ಹಾಯಿಸುತ್ತಲೇ ಇರುತ್ತದೆ. ಹಳಬರು ಇದನ್ನು ಹುಡುಗರಿಗೆ ಗದರಿಸಿ ಹೇಳುತ್ತಿದ್ದರು.

ಪುಣೆಯಲ್ಲಿ ಇಂಥ ಲಿಫ್ಟುಗಳು ಇಷ್ಟೊಂದು ಹೇಗೆ ಬಂದವು ಎಂಬುದಕ್ಕೆ ನಗರದ ಚರಿತ್ರೆಯನ್ನೇ ನೋಡಬೇಕು. 1961ರ ಜುಲೈ 12ರಂದು ಪಾನ್‌ಶೆತ್ ಅಣೆಕಟ್ಟು ಒಡೆದು ಮುಠಾ ನದಿ ಹಳೆಯ ಪೇಟೆಗಳೊಳಗೆ ನುಗ್ಗಿತು. ವಾಡೆಗಳೆಂಬ ಹಳೆಯ ಮನೆಗಳು ಕುಸಿದವು, ಜನ ನದಿಯಿಂದ ದೂರದ ಬಡಾವಣೆಗಳ ಕಡೆ ಹೊರಟರು. ಅದೇ ಕಾಲದಲ್ಲಿ ಮಹಾರಾಷ್ಟ್ರದಲ್ಲಿ 1960ರ ಸಹಕಾರ ಸಂಘಗಳ ಕಾಯಿದೆ, 1963ರ ಫ್ಲ್ಯಾಟ್ ಒಡೆತನದ ಕಾಯಿದೆ ಬಂದವು. ಒಂದು ಕಟ್ಟಡ, ಹಲವು ಒಡೆಯರು, ಒಂದು ಸೊಸೈಟಿ ಎಂಬ ಬದುಕು ಬೇರೂರಿತು. ಮುಂದಿನ ಎರಡು ಮೂರು ದಶಕಗಳಲ್ಲಿ ಎದ್ದ ಕಟ್ಟಡಗಳಿಗೆ ಬಂದ ಲಿಫ್ಟುಗಳ ಮೆದುಳು ರಿಲೇಯದ್ದೇ. ಕಾನೂನು ಅದಕ್ಕೂ ಹಳೆಯದು. ಧಾರವಾಡ, ಬೆಳಗಾವಿಗಳೂ ಸೇರಿದ್ದ ಅಂದಿನ ಮುಂಬಯಿ ಪ್ರಾಂತ್ಯ 1939ರಲ್ಲೇ ಲಿಫ್ಟ್ ಕಾಯಿದೆ ಮಾಡಿತ್ತು, ಕರ್ನಾಟಕದ್ದು ಬಂದದ್ದು 1974ರಲ್ಲಿ. ಮಹಾರಾಷ್ಟ್ರದಲ್ಲಿ ಆ ಹಳೆಯ ಕಾಯಿದೆಯ ಜಾಗಕ್ಕೆ 2017ರ ಹೊಸ ಕಾಯಿದೆ ಬಂದಿದೆ.

ಲೋಡ್‌ಶೆಡ್ಡಿಂಗ್ ವರ್ಷಗಳನ್ನೂ ನೆನೆಯಬೇಕು. ಈ ಶತಮಾನದ ಮೊದಲ ದಶಕದಲ್ಲಿ ಮಹಾರಾಷ್ಟ್ರಕ್ಕೆ ವಿದ್ಯುತ್ತಿನ ಕೊರತೆ ಎಷ್ಟಿತ್ತೆಂದರೆ, 2006ರಲ್ಲಿ ಪುಣೆಯ ಕಾರ್ಖಾನೆಗಳು ತಮ್ಮ ಸ್ವಂತ ಜನರೇಟರುಗಳನ್ನು ಓಡಿಸಿ ನಗರದ ಕೊರತೆ ತುಂಬುವ ಏರ್ಪಾಡಾಯಿತು. 'ಪುಣೆ ಮಾದರಿ' ಎಂದೇ ಅದು ಹೆಸರಾಯಿತು. ಕರೆಂಟು ಹೋಗಿ ಬರುವಾಗಿನ ಏರಿಳಿತವನ್ನು ಹಳೆಯ ಕಾಂಟ್ಯಾಕ್ಟರ್‌ಗಳು ಕಟಕಟ ಎನ್ನುತ್ತಲೇ ತಿನ್ನುತ್ತವೆ. ಪ್ರತಿ ಕಟಕಟಕ್ಕೂ ಬಿಂದುಗಳ ನಡುವೆ ಕಿಡಿ ಹಾರುತ್ತದೆ, ಬೆಳ್ಳಿ ಕರಗುತ್ತದೆ, ಕೊನೆಗೆ ಎರಡು ಬಿಂದುಗಳು ಬೆಸೆದುಕೊಂಡು ಬಿಡದೇ ಹೋಗಬಹುದು.

ಕಿವಿಯಿಂದ ದೋಷ ಹಿಡಿಯುವ ವಿದ್ಯೆ ಲಿಫ್ಟಿನವರದಷ್ಟೇ ಅಲ್ಲ. ದೂರವಾಣಿ ಉಪಕರಣ ತಯಾರಿಸುವ ಬೆಂಗಳೂರಿನ ಐಟಿಐ ಕಾರ್ಖಾನೆ 1948ರಲ್ಲಿ ಶುರುವಾಗಿ, ದೇಶದ ದೂರವಾಣಿ ಕೇಂದ್ರಗಳಿಗೆ ಹೆಜ್ಜೆಹೆಜ್ಜೆಯಾಗಿ ಹತ್ತುವ ಸ್ಟ್ರೌಜರ್ ಯಂತ್ರಗಳನ್ನು ಕಟ್ಟಿಕೊಟ್ಟಿತು. ನಂಬರು ತಿರುಗಿಸಿದಷ್ಟು ಸಲ ಟಕಟಕಿಸುವ ಆ ಯಂತ್ರಗಳ ಕೋಣೆಯಲ್ಲೂ ಸಿಕ್ಕಿಕೊಂಡ ಸೆಲೆಕ್ಟರನ್ನು ಸದ್ದಿನಿಂದಲೇ ಹುಡುಕಬಹುದಿತ್ತು. 1986ರಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಗ್ರಾಮೀಣ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಮೊದಲು ಕೆಲಸ ಶುರುಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಅದು ಬಂದದ್ದು ಒಳ್ಳೆಯದೇ ಆಯಿತು, ಹಳ್ಳಿಗೆ ಫೋನು ಬಂತು. ಆದರೆ ಸ್ಟ್ರೌಜರ್ ಕೋಣೆಯ ಕಿವಿಗಳಿಗೆ ಗೊತ್ತಿದ್ದದ್ದನ್ನು ಬರೆದಿಟ್ಟವರು ಎಷ್ಟು ಮಂದಿ? ಲಿಫ್ಟಿನ ವಿಷಯದಲ್ಲೂ ಅದೇ ಮರುಕಳಿಸುತ್ತಿದೆ ಎಂಬುದು ನನ್ನ ಅಳಲು.

ಹೊಸ ಪ್ಯಾನೆಲ್‌ಗಳನ್ನು ನಾನು ವಿರೋಧಿಸುತ್ತಿಲ್ಲ. ಮೈಕ್ರೊಪ್ರೊಸೆಸರ್ ಬೋರ್ಡ್, ವೇಗವನ್ನು ನಯವಾಗಿ ಏರಿಳಿಸುವ ಡ್ರೈವ್, ಕರೆಂಟು ಹೋದಾಗ ಹತ್ತಿರದ ಮಹಡಿಗೆ ಒಯ್ದು ಬಾಗಿಲು ತೆರೆಯುವ ಬ್ಯಾಟರಿ ವ್ಯವಸ್ಥೆ, ಇವೆಲ್ಲ ಪ್ರಾಣ ಉಳಿಸುವಂಥವು. ಯಂತ್ರವೇ ಯಂತ್ರವನ್ನು ಕೇಳಿಸಿಕೊಳ್ಳುವ ಕಾಲವೂ ಬಂದಿದೆ. ಪುಣೆಯ ಎಆರ್‌ಎಐ ಎಂಬ ವಾಹನ ಸಂಶೋಧನಾ ಸಂಸ್ಥೆ ವಾಹನಗಳ ಸದ್ದು, ಕಂಪನಗಳನ್ನು ಅಳೆಯಲೆಂದೇ ಪ್ರಯೋಗಶಾಲೆ ಇಟ್ಟುಕೊಂಡಿದೆ. ಲಿಫ್ಟ್ ಕಂಪನಿಗಳು ಸೆನ್ಸರ್ ಕೂರಿಸಿ ದೂರದಿಂದಲೇ ದೋಷವನ್ನು ಮೊದಲೇ ಅಂದಾಜಿಸುವ ಸೇವೆಗಳನ್ನು ಸುಮಾರು ಹತ್ತು ವರ್ಷಗಳಿಂದ ಮಾರುತ್ತಿವೆ. ಆದರೆ ಇವತ್ತೋ ನಾಳೆಯೋ ಕಿತ್ತುಹಾಕುವ ರಿಲೇ ಪ್ಯಾನೆಲ್‌ಗೆ ಅಂಥ ಸೆನ್ಸರ್ ಕೂರಿಸಲು ಯಾವ ಸೊಸೈಟಿ ದುಡ್ಡು ಹಾಕೀತು? ಕೊಥ್ರೂಡ್, ಡೆಕ್ಕನ್ ಕಡೆ ಹಳೆಯ ಕಟ್ಟಡಗಳು ಪುನರಾಭಿವೃದ್ಧಿಗೆಂದು ಒಂದೊಂದಾಗಿ ಬೀಳುತ್ತಿವೆ. ಪ್ಯಾನೆಲಿನ ತಾಮ್ರ ಗುಜರಿಗೆ ಹೋಗುತ್ತದೆ. ಅಲ್ಲಿಯವರೆಗೆ ಆ ಲಿಫ್ಟುಗಳಲ್ಲಿ ದಿನವೂ ಮಕ್ಕಳು, ಮುದುಕರು ಹತ್ತಿ ಇಳಿಯುತ್ತಾರೆ. ಮೈಸೂರಿನ ಲಲಿತಮಹಲಿನ ಹಳೆಯ ಲಿಫ್ಟನ್ನು ಪ್ರವಾಸಿಗರು ಬೆರಗಿನಿಂದ ನೋಡುತ್ತಾರೆ. ಕೊಥ್ರೂಡಿನ ಲಿಫ್ಟನ್ನು ಯಾರೂ ಹಾಗೆ ನೋಡುವುದಿಲ್ಲ, ಅದಕ್ಕೆ ಬೇಕಾದ್ದೂ ಬೆರಗಲ್ಲ. ತನ್ನ ಸದ್ದು ತಿಳಿದವರು ಒಬ್ಬರಾದರೂ ಊರಲ್ಲಿರಬೇಕು, ಅಷ್ಟೇ.

ಒಂದು ಅಪಾಯವನ್ನಂತೂ ಹೇಳಲೇಬೇಕು. ಲಾಕಿನ ಬಿಂದು ಪದೇಪದೇ ತೊಂದರೆ ಕೊಟ್ಟಾಗ, ಅವಸರಕ್ಕೆ ಒಂದು ತುಂಡು ತಂತಿ ಹಾಕಿ ಅದನ್ನು ದಾಟಿಸಿಬಿಡುವ ಅಭ್ಯಾಸವಿದೆ. ಜಂಪರ್ ಹಾಕುವುದು ಎನ್ನುತ್ತಾರೆ. ಪರೀಕ್ಷೆಗೆಂದು ಹಾಕಿದ್ದನ್ನು ತೆಗೆಯಲು ಮರೆತರೆ ಬಾಗಿಲು ತೆರೆದಿದ್ದರೂ ಲಿಫ್ಟ್ ಓಡುತ್ತದೆ. ಇದನ್ನೂ ಕಿವಿ ಹಿಡಿಯುತ್ತದೆ. ಗೇಟು ಎಳೆಯುವುದಕ್ಕೂ ಮೊದಲೇ ಬಾಗಿಲಿನ ರಿಲೇ ಎಳೆದು ಕೂತಿದ್ದರೆ, ಗೇಟು ತೆರೆದಾಗ ಬಿಡುವ ಟಕ್ ಬಾರದಿದ್ದರೆ, ಸರಪಳಿಯಲ್ಲಿ ಎಲ್ಲೋ ಕಳ್ಳದಾರಿಯಿದೆ. ಒಳ್ಳೆಯ ಮೆಕ್ಯಾನಿಕ್ ಬೇರೆ ಯಾವ ಕೆಲಸಕ್ಕೆ ಬಂದಿದ್ದರೂ ಈ ಟಕ್ ಬರುತ್ತದೆಯೇ ಎಂದು ಕೇಳಿಯೇ ಕೆಳಗಿಳಿಯುತ್ತಾನೆ.

ಹಳೆಯ ಲಿಫ್ಟಿರುವ ಸೊಸೈಟಿಗಳ ಸೆಕ್ರೆಟರಿಗಳಲ್ಲಿ ಕೆಲವು ಬಿನ್ನಹಗಳಿವೆ. ದೂರಿನ ಪುಸ್ತಕದಲ್ಲಿ 'ಲಿಫ್ಟ್ ಬಂದ್' ಎಂದಷ್ಟೇ ಬರೆಯಬೇಡಿ. ಯಾವ ಮಹಡಿಯಲ್ಲಿ, ಮೇಲಕ್ಕೋ ಕೆಳಕ್ಕೋ, ಖಾಲಿಯೋ ತುಂಬಿತ್ತೋ, ಎಂಥ ಸದ್ದು, ಮಳೆ ಇತ್ತೇ ಎಂದು ಬರೆಸಿ. ವಾಚ್‌ಮನ್ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಸಿ. ಲಿಫ್ಟಿನ ಸರ್ಕ್ಯೂಟ್ ನಕ್ಷೆ ಮಷೀನ್ ರೂಮಿನ ತೇವಕ್ಕೆ ಕೊಳೆಯುತ್ತಿದ್ದರೆ ಇವತ್ತೇ ಅದರ ಫೋಟೊ ತೆಗೆಸಿಡಿ. ಲಿಫ್ಟ್ ಸರಿಯಾಗಿರುವ ಒಂದು ದಿನ, ಬೀದಿಯ ಗದ್ದಲ ಏಳುವ ಮುನ್ನ, ಲಿಫ್ಟನ್ನು ಪ್ರತಿ ಮಹಡಿಗೂ ಹತ್ತಿಸಿ ಇಳಿಸಿ, ಮೆಕ್ಯಾನಿಕ್ ಕೈಯಲ್ಲೇ ಪ್ಯಾನೆಲಿನ ಸದ್ದನ್ನು ಫೋನಿನಲ್ಲಿ ಮುದ್ರಿಸಿಕೊಳ್ಳಿ. ಮುಂದೆ ಕೆಟ್ಟಾಗ ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಹಿರಿಯ ಮೆಕ್ಯಾನಿಕ್ ಬಂದಾಗ ಕಂಪನಿಯ ಕಿರಿಯ ಹುಡುಗನನ್ನೂ ಜೊತೆಗೆ ಕಳಿಸಿ ಎಂದು ಕೇಳಿ. ಮಷೀನ್ ರೂಮಿಗೆ ನೀವಾಗಿ ಕೈಹಾಕಲು ಹೋಗಬೇಡಿ. ಬಾಗಿಲು ತೆರೆದಿರುವಾಗ ಲಿಫ್ಟ್ ಒಂದಿಂಚು ಅಲುಗಿದರೂ ಆ ಕ್ಷಣವೇ ಮೇನ್ ಸ್ವಿಚ್ ಆರಿಸಿ, ಫಲಕ ತೂಗುಹಾಕಿ, ಮೆಕ್ಯಾನಿಕ್ ಬಂದು ಸರಿಪಡಿಸುವವರೆಗೆ ಎಲ್ಲರನ್ನೂ ಮೆಟ್ಟಿಲಲ್ಲೇ ಹತ್ತಿಸಿ.